ಅವ್ವನಿಗೆ ಆರು ಜನರ ಮನೆಯೋ, ನಲವತ್ತು ಹಾಸಿಗೆಯ ಆಶ್ರಮವೋ? ಬೆಳಗಾವಿಯ ಒಂದು ಪ್ರಶ್ನೋತ್ತರ

ಪ್ರಶ್ನೆ (ಟಿಳಕವಾಡಿಯ ಶಿಕ್ಷಕಿ):

ನಮಸ್ಕಾರ ಸಿಸ್ಟರ್. ನಮ್ಮ ಅವ್ವನಿಗೆ ಈಗ 79. ಬೈಲಹೊಂಗಲ ಕಡೆಯ ಹಳ್ಳಿಯವಳು. ಹೋದ ದೀಪಾವಳಿ ಮುಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಆಪರೇಷನ್ ಆಗಿ ಈಗ ವಾಕರ್ ಹಿಡಿದು ನಡೆಯುತ್ತಾಳೆ. ಸಕ್ಕರೆ ಕಾಯಿಲೆ ಇದೆ, ದಿನಕ್ಕೆ ಎರಡು ಸಲ ಇನ್ಸುಲಿನ್. ಸಂಜೆಯಾದರೆ ಗೊಂದಲ ಶುರು. "ಊರಿಗೆ ಹೋಗೋಣ, ಎಮ್ಮೆ ಹಿಂಡಬೇಕು" ಅಂತಾಳೆ. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ನಾನು, ನಮ್ಮ ಮನೆಯವರು ಇಬ್ಬರೂ ಕೆಲಸಕ್ಕೆ ಹೋಗುವವರು. ಒಂದು ವರ್ಷದೊಳಗೆ ಮೂರು ಆಯಾಗಳು ಬಿಟ್ಟು ಹೋದರು. ಅಣ್ಣ ಪುಣೆಯಲ್ಲಿದ್ದಾನೆ.

ಎರಡು ಕಡೆ ನೋಡಿ ಬಂದೆ. ಒಂದು ಊರ ಹೊರಗೆ, ನಲವತ್ತು ಹಾಸಿಗೆ, ತೋಟ, ದೇವರ ಗುಡಿ ಎಲ್ಲ ಇದೆ. ಇನ್ನೊಂದು ಅನಗೋಳದ ಕಡೆ ಸಾದಾ ಮನೆ, ಆರೇ ಜನ ಹಿರಿಯರು. ಯಾವುದು ಒಳ್ಳೆಯದು? ಏನು ನೋಡಬೇಕು ಅನ್ನೋದೇ ನನಗೆ ಗೊತ್ತಾಗುತ್ತಿಲ್ಲ. ರಾತ್ರಿ ನಿದ್ದೆ ಇಲ್ಲ.

ಉತ್ತರ (ನರ್ಸ್, ಹಿರಿಯರ ಆರೈಕೆ):

ನಮಸ್ಕಾರ ಟೀಚರ್. ಮೊದಲು ಒಂದು ಮಾತು. ಒಂದು ವರ್ಷ ನೀವು ಎರಡನೇ ಮಹಡಿಯಲ್ಲಿ ಅವರನ್ನು ನೋಡಿಕೊಂಡಿದ್ದೀರಿ. ಈಗ ಬೇರೆ ದಾರಿ ಹುಡುಕುವುದು ಕೈಬಿಡುವುದಲ್ಲ.

ಎರಡು ಕಡೆಗೂ ನೀವು ಹಗಲು ಹೋಗಿದ್ದೀರಿ ಅಲ್ವಾ? ಹನ್ನೊಂದು ಗಂಟೆಗೆ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಹಿರಿಯರು ಸ್ನಾನ ಮಾಡಿರುತ್ತಾರೆ, ಹಾಸಿಗೆ ಕೊಡವಿರುತ್ತದೆ, ಮಾಲೀಕರೇ ಮುಂದೆ ಕೂತಿರುತ್ತಾರೆ. ಆದರೆ ನಿಮ್ಮ ಅವ್ವನ ಕಷ್ಟದ ಹೊತ್ತು ಸಂಜೆ ಆರರಿಂದ ಬೆಳಗಿನ ಆರು. ಗೊಂದಲ ಬರುವುದು ಆಗ. ಕತ್ತಲಲ್ಲಿ ಮೂತ್ರಕ್ಕೆ ಎದ್ದು ಬೀಳುವುದು ಆಗ. ಇನ್ಸುಲಿನ್ ಹಾಕಿಸಿಕೊಂಡು ಊಟ ಸರಿಯಾಗಿ ಮಾಡದಿದ್ದರೆ ಸಕ್ಕರೆ ಇಳಿಯುವುದೂ ಹೆಚ್ಚಾಗಿ ಆಗಲೇ. ಅದಕ್ಕೇ ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ. ಕಟ್ಟಡ ನೋಡಿ ಆರಿಸಬೇಡಿ, ರಾತ್ರಿ ಅಲ್ಲಿ ಯಾರಿರುತ್ತಾರೆ ಅಂತ ನೋಡಿ ಆರಿಸಿ.

ಹಾಗಾಗಿ ಎರಡೂ ಕಡೆ ಇನ್ನೊಮ್ಮೆ ಹೋಗಿ. ಸಂಜೆ ಏಳಕ್ಕೆ, ಫೋನ್ ಮಾಡದೆ. ಒಳಗೆ ಬಿಡದಿದ್ದರೆ ಯಾಕೆ ಅಂತ ಕೇಳಿ. ಊಟದ ಹೊತ್ತು, ಹಿರಿಯರಿಗೆ ತೊಂದರೆ ಆಗುತ್ತದೆ ಅಂದರೆ ಅದು ನ್ಯಾಯ. ಹೊರಗೆ ಕೂತು ಕಾಯಿರಿ. ಯಾವತ್ತೂ ಹೇಳದೆ ಬರಲೇಬಾರದು ಅಂದರೆ ಅಂಥ ಮನೆ ನನಗೆ ಬೇಡ.

ಒಳಗೆ ಹೋದ ಮೇಲೆ ಗೋಡೆ ನೋಡಬೇಡಿ, ಅಲ್ಲಿರುವ ಹಿರಿಯರನ್ನು ನೋಡಿ. ಉಗುರು ಕತ್ತರಿಸಿದೆಯಾ? ತುಟಿ ಒಣಗಿದೆಯಾ? ಕನ್ನಡಕ ಮೂಗಿನ ಮೇಲಿದೆಯೋ, ಕಪಾಟಿನಲ್ಲಿದೆಯೋ? ಮೂತ್ರದ ವಾಸನೆ ಒಂದು ಮೂಲೆಯಲ್ಲಿ ಬಂದರೆ ಆಗ ತಾನೇ ಆಗಿರಬಹುದು. ಮನೆ ತುಂಬ ಇದ್ದರೆ ಬಟ್ಟೆ ಬದಲಿಸುವವರಿಲ್ಲ ಅಂತ ಅರ್ಥ. ಹಾಸಿಗೆ ಹಿಡಿದವರು ಯಾರಾದರೂ ಇದ್ದರೆ ಹಿಮ್ಮಡಿ, ಬೆನ್ನಿನ ಕೆಳಗೆ ಹುಣ್ಣು ಇದೆಯಾ ಅಂತ ಆಯಾಳನ್ನೇ ಕೇಳಿ. ತಾನಾಗಿ ಮಗ್ಗಲು ಬದಲಿಸಲು ಆಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ತಿರುಗಿಸಿ ಮಲಗಿಸಬೇಕು, ರಾತ್ರಿ ಕೂಡ. ಬರೆದಿಡುವ ಪುಸ್ತಕ ತೋರಿಸಿ ಅನ್ನಿ. ರಾತ್ರಿ ಹನ್ನೆರಡು, ಎರಡು, ನಾಲ್ಕು ಗಂಟೆಯ ಟಿಕ್ಕು ಎಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಅಕ್ಷರದಲ್ಲಿ, ಸಾಲಾಗಿ ಕಂಡರೆ ಬೆಳಿಗ್ಗೆ ಎದ್ದು ಹಾಕಿದ್ದು ಅಂತ ನನಗೆ ಅನುಮಾನ ಬರುತ್ತದೆ.

ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ. "ಕಳೆದ ಸಲ ಇಲ್ಲಿ ಯಾರಾದರೂ ಬಿದ್ದಾಗ ಏನು ಮಾಡಿದಿರಿ?" ನಮ್ಮಲ್ಲಿ ಯಾರೂ ಬಿದ್ದೇ ಇಲ್ಲ ಅನ್ನುವವರನ್ನು ನಂಬುವುದು ಕಷ್ಟ. ಇಂಥ ಅಜ್ಜಿ ಇಷ್ಟು ಗಂಟೆಗೆ ಬಿದ್ದರು, ಎಬ್ಬಿಸುವ ಮೊದಲು ಕಾಲು ನೋಡಿದೆವು, ಮಗನಿಗೆ ಫೋನ್ ಮಾಡಿದೆವು, ಇಂಥ ಗಾಡಿಯಲ್ಲಿ ದವಾಖಾನೆಗೆ ಒಯ್ದೆವು ಅಂತ ಬಿಡಿಸಿ ಹೇಳುವವರು ಕೆಲಸ ಗೊತ್ತಿರುವವರು.

ಚಿಕ್ಕದೋ ದೊಡ್ಡದೋ ಅಂತ ಕೇಳಿದ್ದೀರಿ. ಸಂಜೆ ಗೊಂದಲ ಬರುವವರಿಗೆ ಆರು ಜನರ ಮನೆ ಸಾಮಾನ್ಯವಾಗಿ ಹಿತ. ಅದೇ ನಾಲ್ಕು ಮುಖ, ಅದೇ ಬಾಗಿಲು, ಅಡುಗೆಮನೆಯ ಸಪ್ಪಳ. ಆದರೆ ಚಿಕ್ಕ ಮನೆಯ ಬಲಹೀನತೆ ಒಂದಿದೆ. ಅಲ್ಲಿ ಇರುವುದೇ ಇಬ್ಬರು ಮೂವರು ಆಯಾಗಳು. ಗಣಪತಿ ಹಬ್ಬಕ್ಕೋ, ಯಲ್ಲಮ್ಮನ ಜಾತ್ರೆಗೋ ಅವರಲ್ಲಿ ಒಬ್ಬಳು ಊರಿಗೆ ಹೋದರೆ ಆ ನಾಲ್ಕು ದಿನ ಯಾರು? ಹೆಸರು ಕೇಳಿ. "ಯಾರಾದರೂ ಬರ್ತಾರೆ" ಅನ್ನುವುದು ಉತ್ತರ ಅಲ್ಲ. ದೊಡ್ಡ ಕಡೆ ಬದಲಿ ಜನ ಇರುತ್ತಾರೆ, ನರ್ಸ್ ಕೂಡ ಇರಬಹುದು. ಆದರೆ ನಲವತ್ತು ಜನಕ್ಕೆ ರಾತ್ರಿ ಎಷ್ಟು ಮಂದಿ ಎಚ್ಚರ ಇರುತ್ತಾರೆ ಅಂತ ಕೇಳಿ. ಅಲ್ಲೇ ಮಲಗಿರುವವರನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಿಮ್ಮ ಅವ್ವನಿಗೆ ಇನ್ಸುಲಿನ್ ಇರುವುದರಿಂದ ಇದೊಂದು ಖಂಡಿತ ನೋಡಿ. ಚುಚ್ಚುವವರು ಯಾರು? ಸಕ್ಕರೆ ನೋಡುವ ಮಿಷಿನ್ ಇದೆಯಾ? ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಏನು ಮಾಡುತ್ತೀರಿ ಅಂತ ಆಯಾಳನ್ನೇ ಕೇಳಿ, ಮಾಲೀಕರನ್ನಲ್ಲ. ಕೂಡಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸುತ್ತೇನೆ, ಹದಿನೈದು ನಿಮಿಷಕ್ಕೆ ಮತ್ತೆ ನೋಡುತ್ತೇನೆ ಅಂದರೆ ಅವಳಿಗೆ ಗೊತ್ತಿದೆ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು ಅನ್ನುವುದೂ ಗೊತ್ತಿರಬೇಕು.

ಪ್ರಶ್ನೆ (ಶಿಕ್ಷಕಿಯ ಅಣ್ಣ, ಪುಣೆಯಿಂದ):

ಸಿಸ್ಟರ್, ತಂಗಿ ಈ ಮಾತು ತೋರಿಸಿದಳು. ಖರ್ಚು ನಾನು ಕೊಡುವವನು. ತಿಂಗಳಿಗೆ ಇಷ್ಟು ಅಂತ ಒಂದು ಅಂಕಿ ಹೇಳುತ್ತಾರೆ. ಅದರ ಮೇಲೆ ಏನೇನು ಬರುತ್ತದೆ? ಮತ್ತೆ ಅಲ್ಲಿ ಕಮೋಡ್ ಇದೆ, ಗೀಸರ್ ಇದೆ ಅಂದಳು. ಅಷ್ಟು ಸಾಕಾ?

ಉತ್ತರ:

ಅಣ್ಣಾ, ಆ ಅಂಕಿಯಲ್ಲಿ ಸಾಮಾನ್ಯವಾಗಿ ಊಟ, ವಸತಿ, ಆಯಾ ಮಾತ್ರ. ಡೈಪರ್, ಗುಳಿಗೆ, ಇನ್ಸುಲಿನ್, ಫಿಸಿಯೋಥೆರಪಿ, ಡಾಕ್ಟರ್ ಫೀ ಬೇರೆ. ಎಲ್ಲರೂ ಮರೆಯುವುದು ಇನ್ನೊಂದು. ಅವ್ವನನ್ನು ದವಾಖಾನೆಗೆ ಸೇರಿಸಿದರೆ ಪಕ್ಕದಲ್ಲಿ ಕೂರುವವರು ಯಾರು? ಆ ಆರೈಕೆ ಮನೆಯವರು ಆಯಾ ಕಳಿಸಿದರೆ ಅದಕ್ಕೆ ಬೇರೆ ದುಡ್ಡು. ಅವ್ವ ದವಾಖಾನೆಯಲ್ಲಿದ್ದ ದಿನಗಳಿಗೂ ಪೂರಾ ಬಾಡಿಗೆ ಹಿಡಿಯುತ್ತಾರಾ? ಡಿಪಾಸಿಟ್ ಯಾವಾಗ ವಾಪಸ್? ಹದಿನೈದು ದಿನಕ್ಕೇ ಕರೆದುಕೊಂಡು ಬಂದರೆ? ಇವೆಲ್ಲ ಬಾಯಿ ಮಾತಿನಲ್ಲಿ ಬೇಡ. ಬಾಂಡ್ ಪೇಪರ್ ಮೇಲೆ ಬರೆಸಿ, ಇಬ್ಬರ ಸಹಿ ಇರಲಿ. ಮನೆ ಯಾರ ಹೆಸರಲ್ಲಿ ನಡೆಯುತ್ತಿದೆ, ನೋಂದಣಿ ಏನಿದೆ ಅಂತ ಕಾಗದ ಕೇಳಿ ನೋಡಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಬಚ್ಚಲ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅವ್ವ ಬಿದ್ದದ್ದು ಅಲ್ಲೇ. ಕಮೋಡ್ ಇದ್ದರೆ ಸಾಲದು, ಪಕ್ಕದಲ್ಲಿ ಗೋಡೆಗೆ ಗಟ್ಟಿ ಹಿಡಿಕೆ ಬೇಕು. ಟವೆಲ್ ಹಾಕುವ ಸರಳು ಅವರ ಭಾರ ತಡೆಯುವುದಿಲ್ಲ. ಬಾಗಿಲು ಹೊರಗೆ ತೆರೆಯುವಂತಿರಬೇಕು. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡ ಬಿದ್ದಿರುತ್ತಾರೆ, ಒಳಕ್ಕೆ ತಳ್ಳಲು ಆಗುವುದಿಲ್ಲ. ಚಿಲಕ ಹೊರಗಿನಿಂದಲೂ ತೆಗೆಯಲು ಬರಬೇಕು. ನಮ್ಮ ಹಳೆಯ ಬಂಗಲೆಗಳನ್ನೇ ಇಂಥ ಮನೆ ಮಾಡಿರುತ್ತಾರೆ. ಕೋಣೆಗೊಂದು ಹೊಸ್ತಿಲು, ಬಚ್ಚಲಿಗೆ ಒಂದು ಮೆಟ್ಟಿಲು. ವಾಕರ್ ಹಿಡಿದವರಿಗೆ ಎರಡಿಂಚಿನ ಹೊಸ್ತಿಲೂ ಗುಡ್ಡವೇ.

ಬೆಳಗಾವಿ ಮಳೆ ನಿಮಗೂ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಫರ್ಶಿ ಕಲ್ಲಿನ ನೆಲ ಬೆವರುತ್ತದೆ. ಆರು ಜನರ ಹಾಸಿಗೆ ಬಟ್ಟೆ ಮಳೆಗಾಲದಲ್ಲಿ ಎಲ್ಲಿ ಒಣಗಿಸುತ್ತೀರಿ ಅಂತ ಕೇಳಿ. ಹಸಿ ಬಟ್ಟೆಯ ಮೇಲೆ ಮಲಗಿಸಿದರೆ ಚರ್ಮ ಬೇಗ ಕೆಡುತ್ತದೆ. ಕರೆಂಟ್ ಹೋದರೆ ಇನ್ವರ್ಟರ್ ಬಚ್ಚಲ ದೀಪಕ್ಕೂ ಇದೆಯಾ, ಅದನ್ನೂ ನೋಡಿ.

ಪ್ರಶ್ನೆ (ಶಹಾಪುರದ ಸದಸ್ಯರು):

ಟೀಚರ್‌ಗೆ ನನ್ನ ಅನುಭವವೂ ಇರಲಿ. ನಮ್ಮ ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ. ಒಂದು ಕಡೆ ಇಟ್ಟಿದ್ದೆವು, ಹೆಸರು ಬೇಡ. ಮೊದಲ ವಾರ ಚೆನ್ನಾಗಿದ್ದರು. ಆಮೇಲೆ ಹೋದಾಗಲೆಲ್ಲ ಮಲಗಿಯೇ ಇರುತ್ತಿದ್ದರು. "ಶಾಂತವಾಗಿದ್ದಾರೆ ರೀ" ಅಂದರು. ನಾವೂ ನಂಬಿದೆವು. ಎರಡು ತಿಂಗಳಿಗೆ ಅಪ್ಪ ನಡೆಯುವುದನ್ನೇ ಬಿಟ್ಟರು. ಏನಾಗಿತ್ತು ಸಿಸ್ಟರ್?

ಉತ್ತರ:

ಸರ್, ಓದಿ ಬಹಳ ನೋವಾಯಿತು. ನಾನು ಅಪ್ಪನನ್ನು ನೋಡಿಲ್ಲ, ಹೀಗೇ ಆಗಿತ್ತು ಅಂತ ಹೇಳಲಾರೆ. ಆದರೆ ಹೀಗಾಗುವ ಎರಡು ದಾರಿ ನಾನು ಪದೇ ಪದೇ ಕಂಡಿದ್ದೇನೆ.

ಒಂದು, ಪಾರ್ಕಿನ್ಸನ್ ಗುಳಿಗೆ ಗಡಿಯಾರ ನೋಡಿ ಕೊಡಬೇಕಾದದ್ದು. ಎಂಟು ಗಂಟೆಯದನ್ನು ತಿಂಡಿ ತಡ ಆಯಿತು ಅಂತ ಹತ್ತಕ್ಕೆ ಕೊಟ್ಟರೆ ಆ ಎರಡು ಗಂಟೆ ಅವರ ಕೈಕಾಲು ಕಟ್ಟಿಹಾಕಿದ ಹಾಗೆ ಇರುತ್ತದೆ. ಎಲ್ಲರ ಗುಳಿಗೆಯನ್ನೂ ಊಟದ ಹೊತ್ತಿಗೆ ಒಟ್ಟಿಗೆ ಕೊಡುವ ಮನೆಗಳಲ್ಲಿ ಇದು ಆಗುತ್ತದೆ.

ಎರಡನೆಯದು ನಿದ್ದೆಗುಳಿಗೆ. ರಾತ್ರಿ ಕೂಗುವವರಿಗೆ, ಓಡಾಡುವವರಿಗೆ ಕೊಟ್ಟು ಮಲಗಿಸುತ್ತಾರೆ. ಮರುದಿನ ಮಧ್ಯಾಹ್ನದವರೆಗೂ ಮಂಪರು. ಊಟ ಕಡಿಮೆ, ನೀರು ಕಡಿಮೆ, ಎದ್ದರೆ ಬೀಳುವ ಭಯ. ಮತಿಭ್ರಮೆಗೆ ಕೊಡುವ ಕೆಲವು ಔಷಧಿ ಪಾರ್ಕಿನ್ಸನ್ ಇದ್ದವರಿಗೆ ಇನ್ನೂ ಕೆಟ್ಟದ್ದು, ಮೈ ಮತ್ತಷ್ಟು ಬಿಗಿಯುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ಗುಳಿಗೆ ಚೀಟಿ ತೆಗೆದುಕೊಂಡು ಡಾಕ್ಟರ್ ಬರೆದದ್ದಕ್ಕೆ ಹೋಲಿಸಿ ನೋಡಿ. ಹೊಸ ಗುಳಿಗೆ ಕಂಡರೆ ಯಾರು ಬರೆದರು, ಯಾಕೆ ಅಂತ ಕೇಳಿ. ನಿಮ್ಮ ಒಪ್ಪಿಗೆ ಇಲ್ಲದೆ ನಿದ್ದೆಗುಳಿಗೆ ಕೊಡಬಾರದು ಅಂತ ಆ ಬಾಂಡ್‌ನಲ್ಲೇ ಬರೆಸಬಹುದು. ತಿಂಗಳಿಗೊಮ್ಮೆ ತೂಕ ನೋಡಿಸಿ. ಬಾಯಲ್ಲಿ "ಚೆನ್ನಾಗಿ ಉಣ್ತಾರೆ" ಅನ್ನಬಹುದು, ತಕ್ಕಡಿ ಸುಳ್ಳು ಹೇಳುವುದಿಲ್ಲ.

ಟೀಚರ್, ಇದು ನಿಮಗೂ. ಅವ್ವನ ಗೊಂದಲ ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಜಾಸ್ತಿ ಆದರೆ ಅದು ಮರೆವು ಬೆಳೆದದ್ದು ಅಂತ ಸುಮ್ನೆ ಕೂರಬೇಡಿ. ಮೂತ್ರದ ಸೋಂಕು, ನೀರು ಕಡಿಮೆ ಆಗಿರುವುದು, ಮಲಬದ್ಧತೆ, ಸಕ್ಕರೆ ಏರುಪೇರು, ಇವುಗಳಿಂದ ಹಾಗಾಗುತ್ತದೆ. ಜ್ವರ ಇಲ್ಲದೆಯೂ ಆಗಬಹುದು. ಅದೇ ದಿನ ಡಾಕ್ಟರಿಗೆ ತೋರಿಸಬೇಕು.

ಪ್ರಶ್ನೆ (ಚಿಕ್ಕೋಡಿ ಕಡೆಯ ಸದಸ್ಯೆ):

ಅಕ್ಕಾ, ನಮ್ಮ ಅಪ್ಪ ಹೊಲ ಎಲ್ಲ ತಮ್ಮನ ಹೆಸರಿಗೆ ದಾನಪತ್ರ ಮಾಡಿಕೊಟ್ಟರು. ಈಗ ತಮ್ಮ ಆರೈಕೆ ಖರ್ಚು ಕೊಡುವುದಿಲ್ಲ ಅಂತಾನೆ. ಏನು ಮಾಡಬೇಕು?

ಉತ್ತರ:

ತಂಗಿ, ನಾನು ವಕೀಲೆ ಅಲ್ಲ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ, ಕಲ್ಯಾಣದ ಕಾಯ್ದೆ ಅಂತ 2007ರದ್ದಿದೆ. ಅದರಡಿ ಅಪ್ಪನೇ ಉಪವಿಭಾಗಾಧಿಕಾರಿ ಕಚೇರಿಗೆ ಅರ್ಜಿ ಕೊಡಬಹುದು. ನಿಮಗೆ ಚಿಕ್ಕೋಡಿಯಲ್ಲೇ ಆ ಕಚೇರಿ ಇದೆ. ಮಕ್ಕಳು ತಿಂಗಳಿಗೆ 10,000 ರೂಪಾಯಿವರೆಗೆ ಕೊಡಬೇಕು ಅಂತ ಆದೇಶ ಮಾಡಲು ಆ ಕಾಯ್ದೆಯಲ್ಲಿ ಅವಕಾಶ ಇದೆ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ನೋಡಿಕೊಳ್ಳದಿದ್ದರೆ, 23ನೇ ಕಲಮಿನಲ್ಲಿ ಆ ದಾನವನ್ನೇ ರದ್ದು ಮಾಡಿಸಲು ದಾರಿ ಇದೆ. ದಾನಪತ್ರದಲ್ಲಿ ಆ ಷರತ್ತು ಬರೆದಿದೆಯಾ ಅಂತ ಮೊದಲು ವಕೀಲರಿಗೆ ತೋರಿಸಿ. ಎಲ್ಲಿಂದ ಶುರು ಮಾಡಬೇಕು ಅಂತ ತೋಚದಿದ್ದರೆ 14567ಕ್ಕೆ ಫೋನ್ ಮಾಡಿ. ಅದು ಹಿರಿಯರ ಸಹಾಯವಾಣಿ, ದುಡ್ಡು ಬೀಳುವುದಿಲ್ಲ.

ಪ್ರಶ್ನೆ (ಟಿಳಕವಾಡಿಯ ಶಿಕ್ಷಕಿ, ಆರು ದಿನದ ನಂತರ):

ಸಿಸ್ಟರ್, ಎರಡೂ ಕಡೆ ಸಂಜೆ ಹೋಗಿ ಬಂದೆ. ದೊಡ್ಡ ಕಡೆ ಏಳೂವರೆಗೇ ಎಲ್ಲರನ್ನೂ ಮಲಗಿಸಿ ದೀಪ ಆರಿಸಿದ್ದರು. ಒಬ್ಬ ಅಜ್ಜಿ "ನೀರು, ನೀರು" ಅಂತ ಕೂಗುತ್ತಿದ್ದರು. ನಾನಿದ್ದ ಹತ್ತು ನಿಮಿಷ ಯಾರೂ ಬರಲಿಲ್ಲ. ನಾನೇ ಕುಡಿಸಿ ಬಂದೆ.

ಅನಗೋಳದ ಮನೆಗೆ ಅವ್ವನನ್ನೂ ಕರೆದುಕೊಂಡು ಹೋದೆ. ಊಟ ನಡೆದಿತ್ತು. ಹಲ್ಲಿಲ್ಲದವರಿಗೆ ರೊಟ್ಟಿ ಮುರಿದು ಬಿಸಿ ಸಾರಿನಲ್ಲಿ ನೆನೆಸಿ ಕೊಡುತ್ತಿದ್ದರು. ಅಲ್ಲಿ ಒಬ್ಬ ಆಯಾಗೆ ಮರಾಠಿ ಮಾತ್ರ ಬರುತ್ತದೆ. ಇನ್ನೊಬ್ಬಳು ಸವದತ್ತಿ ಕಡೆಯವಳು, ರಾತ್ರಿ ಪಾಳಿ ಅವಳದೇ. ಅವ್ವ ಎಮ್ಮೆ ಮಾತು ತೆಗೆದಳು. ಆ ಹುಡುಗಿ "ಎಮ್ಮೆ ಎಲ್ಲೈತಿ ಇಲ್ಲಿ" ಅನ್ನಲಿಲ್ಲ. "ಆಯಿ, ನಿಮ್ಮ ಎಮ್ಮಿ ಎಷ್ಟು ಹಾಲು ಕೊಡ್ತೈತಿ?" ಅಂತ ಕೇಳಿ ಪಕ್ಕದಲ್ಲಿ ಕೂತಳು. ಅವ್ವ ಅರ್ಧ ಗಂಟೆ ಹೇಳಿದಳು. ಆಮೇಲೆ ಊಟ ಮಾಡಿದಳು.

ಆದರೆ ಬಚ್ಚಲಲ್ಲಿ ಹಿಡಿಕೆ ಇಲ್ಲ. ಅವ್ವನಿಗೆ ಏನಂತ ಹೇಳಲಿ? ನಾಲ್ಕು ದಿನ ಇದ್ದು ಬಾ ಅಂತ ಹೇಳಿ ಬಿಟ್ಟು ಬರಲಾ?

ಉತ್ತರ:

ಟೀಚರ್, ಹಿಡಿಕೆ ಒಂದು ದಿನದ ಕೆಲಸ. ಅವ್ವ ಹೋಗುವ ಮೊದಲು ಕೂರಿಸಿಕೊಡಿ ಅನ್ನಿ, ಬೇಕಾದರೆ ನೀವೇ ಮಿಸ್ತ್ರಿ ಕಳಿಸಿ. ಆ ಹುಡುಗಿಯಂಥವಳನ್ನು ನೀವು ಕೂರಿಸಲು ಆಗುವುದಿಲ್ಲ. ನಾನಾಗಿದ್ದರೆ ಅನಗೋಳದ ಮನೆಗೇ ಸೇರಿಸುತ್ತಿದ್ದೆ. ಭಾಷೆಯೂ ಸಣ್ಣ ವಿಷಯ ಅಲ್ಲ. ಮರೆವು ಬೆಳೆದಂತೆ ಹಿರಿಯರು ಚಿಕ್ಕಂದಿನ ಮಾತಿಗೇ ಮರಳುತ್ತಾರೆ. ರಾತ್ರಿ ಎರಡಕ್ಕೆ ಹೊಟ್ಟೆ ನೋಯುತ್ತದೆ ಅಂದರೆ ಅದು ಅವಳಿಗೆ ತಿಳಿಯಬೇಕು. ಆದರೆ ಅವಳು ರಜೆ ಹೋದಾಗ ಯಾರು ಅಂತ ಕೇಳುವುದನ್ನು ಬಿಡಬೇಡಿ.

ನಾಲ್ಕು ದಿನ ಅಂತ ಸುಳ್ಳು ಹೇಳಬೇಡಿ. ಐದನೇ ದಿನ ಅವರು ಬಾಗಿಲು ನೋಡುತ್ತಾ ಕೂರುತ್ತಾರೆ. "ಅವ್ವಾ, ನಾನು ಶಾಲೆಗೆ ಹೋದಾಗ ನೀನು ಬಿದ್ದರೆ ಎತ್ತುವವರಿಲ್ಲ. ಇಲ್ಲಿ ಜನ ಇದ್ದಾರೆ. ನಾನು ದಿನಾ ಬರ್ತೀನಿ" ಅಂತ ಬೆಳಗಿನ ಹೊತ್ತು, ತಲೆ ತಿಳಿಯಾಗಿದ್ದಾಗ ಹೇಳಿ. ಬೇಡ ಅಂದರೆ ಯಾಕೆ ಬೇಡ ಅಂತ ಕೇಳಿ. ಎಷ್ಟೋ ಸಲ ಕಾರಣ ಚಿಕ್ಕದಿರುತ್ತದೆ. ಒಬ್ಬರು ತಮ್ಮ ದೇವರ ಫೋಟೋ ಬಿಟ್ಟು ಬರಬೇಕಾಗುತ್ತದೆ ಅಂತ ಅತ್ತಿದ್ದರು. ದಿನಾ ಬರ್ತೀನಿ ಅಂದ ಮೇಲೆ ಮೊದಲ ಹದಿನೈದು ದಿನವಾದರೂ ತಪ್ಪದೆ ಹೋಗಿ, ಬೇರೆ ಬೇರೆ ಹೊತ್ತಿಗೆ ಹೋಗಿ. ಅವರ ಕೌದಿ, ತಂಬಿಗೆ ಜೊತೆಗೆ ಇರಲಿ. ಹಾಸಿಗೆ ಮನೆಯಲ್ಲಿದ್ದ ಕಡೆಗೇ ಇರಲಿ, ಎಡಕ್ಕೆ ಇಳಿದು ರೂಢಿ ಇದ್ದವರು ಬಲಕ್ಕೆ ಇಳಿಯಲು ಹೋಗಿ ಬೀಳುತ್ತಾರೆ.

ಒಂದು ದೊಡ್ಡ ಹಾಳೆ ತೆಗೆದುಕೊಂಡು ದಪ್ಪ ಅಕ್ಷರದಲ್ಲಿ ಬರೆದು ಕಪಾಟಿಗೆ ಅಂಟಿಸಿ. ಇನ್ಸುಲಿನ್ ಯಾವುದು, ಎಷ್ಟು, ಎಷ್ಟು ಹೊತ್ತಿಗೆ. ಊಟ ಬಿಟ್ಟರೆ ಯಾರಿಗೆ ಫೋನ್ ಮಾಡಬೇಕು. ಯಾವ ಗುಳಿಗೆ ಆಗಿಬರುವುದಿಲ್ಲ. ಯಾವ ಕಿವಿ ಚೆನ್ನಾಗಿ ಕೇಳುತ್ತದೆ. ರಾತ್ರಿ ಎಷ್ಟು ಸಲ ಏಳುತ್ತಾರೆ. ಮರಾಠಿ ಹುಡುಗಿಗೂ ತಿಳಿಯುವಂತೆ ಕೆಳಗೆ ಮರಾಠಿಯಲ್ಲೂ ಯಾರಿಂದಾದರೂ ಬರೆಸಿ. ಎಮ್ಮೆಯ ಹೆಸರನ್ನೂ ಅದರಲ್ಲಿ ಬರೆಯಿರಿ.