‘ಸ್ಟಡ್ ವೆಲ್ಡಿಂಗ್’: ಬೆಸೆಯುವುದು ಯಾವುದನ್ನು, ಕೂರಿಸುವುದು ಯಾವುದನ್ನು?

ವಿದ್ಯುತ್ ಪ್ಯಾನೆಲ್ ತಯಾರಿಸುವ ಕೆಲಸಗಾರರಿಗಾಗಿ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಪ್ಯಾನೆಲ್ಲಿನ ಬಾಗಿಲ ಒಳಮೈಯಲ್ಲಿ ಕೇಬಲ್‌ಗಳನ್ನು ಹಿಡಿದು ನಿಲ್ಲಿಸುವ ಮೌಂಟ್‌ಗಳನ್ನು ಸ್ಟಡ್ ಎಂಬ ಸಣ್ಣ ಲೋಹದ ಕಡ್ಡಿಯನ್ನು ಬಳಸುವ ಸ್ಟಡ್ ವೆಲ್ಡಿಂಗ್ ವಿಧಾನದಿಂದ ಅಳವಡಿಸುವ ಭಾಗದಲ್ಲಿ, ‘ಕೇಬಲ್ ಮೌಂಟನ್ನು ತಗಡಿಗೆ ಬೆಸೆಯಿರಿ’ ಎಂದು ಬರೆದಿದ್ದೆ. ಕರಡನ್ನು ಓದಿದ ಹಿರಿಯ ವೆಲ್ಡರ್ ಒಬ್ಬರು, ‘ಮೌಂಟು ನೈಲಾನಿನದು ಸ್ವಾಮಿ, ಬೆಸೆಯಲು ಹೋದರೆ ಕರಗಿಹೋಗುತ್ತದೆ’ ಎಂದರು. ತಪ್ಪು ನನ್ನದೇ.

ಬೆಸೆಯುವುದು ಸ್ಟಡ್ಡನ್ನು ಮಾತ್ರ. ತೆಳು ತಗಡಿಗೆ ಬಳಸುವ ಕೆಪಾಸಿಟರ್ ವಿಧಾನದಲ್ಲಿ ಸ್ಟಡ್ಡಿನ ಬುಡಕ್ಕೆ ಒಂದು ಸಣ್ಣ ಮೊನೆ ಇರುತ್ತದೆ. ಬಣ್ಣ ಕೆರೆದು ಲೋಹ ಕಾಣಿಸಿದ ಜಾಗಕ್ಕೆ, ಸ್ಟಡ್ಡನ್ನು ಕಚ್ಚಿಕೊಂಡಿರುವ ವೆಲ್ಡಿಂಗ್ ಗನ್ನನ್ನು ಒತ್ತಿ ಹಿಡಿದು ಗುಂಡಿ ಅದುಮಿದರೆ, ಕೆಪಾಸಿಟರಿನಲ್ಲಿ ತುಂಬಿದ್ದ ವಿದ್ಯುತ್ತು ಆ ಮೊನೆಯನ್ನು ಆವಿಯಾಗಿಸಿ, ಅಲ್ಲಿ ಹುಟ್ಟಿದ ಆರ್ಕಿನಿಂದ (ಉರಿಯುವ ವಿದ್ಯುತ್ ಕಿಡಿಯಿಂದ) ಸ್ಟಡ್ಡಿನ ಬುಡವೂ ತಗಡಿನ ಮೇಲ್ಮೈಯೂ ಕರಗಿ, ಗನ್ನಿನ ಸ್ಪ್ರಿಂಗು ಎರಡನ್ನೂ ಒತ್ತಿ ಒಂದಾಗಿಸುತ್ತದೆ. ಇಷ್ಟೆಲ್ಲ 1ರಿಂದ 3 ಮಿಲಿಸೆಕೆಂಡುಗಳಲ್ಲಿ ಮುಗಿಯುವುದರಿಂದ ತಗಡಿನ ಹೊರಮೈಯಲ್ಲಿ ಸಾಮಾನ್ಯವಾಗಿ ಗುರುತು ಮೂಡುವುದಿಲ್ಲ. ತೂತು ಕೊರೆಯದ ಕಾರಣ ಧೂಳು, ನೀರು ಒಳನುಗ್ಗಲು ದಾರಿಯೂ ಆಗುವುದಿಲ್ಲ. ಮೌಂಟು ಬರುವುದು ಆಮೇಲೆ: ಅದನ್ನು ಸ್ಟಡ್ಡಿನ ಮೇಲೆ ಒತ್ತಿ ಕೂರಿಸುತ್ತಾರೆ, ಇಲ್ಲವೇ ನಟ್ಟು ಹಾಕಿ ಬಿಗಿಯುತ್ತಾರೆ. ಇಂಗ್ಲಿಷಿನ ‘ಅಟ್ಯಾಚ್’ ಈ ಎರಡು ಕೆಲಸಗಳನ್ನೂ ಒಂದೇ ಮಾತಿನಲ್ಲಿ ಮುಚ್ಚಿಬಿಡುತ್ತದೆ. ಕನ್ನಡದಲ್ಲಿ ಬೆಸೆಯುವುದು ಬೇರೆ, ಕೂರಿಸುವುದು ಬೇರೆ, ಸಿಕ್ಕಿಸುವುದು ಇನ್ನೂ ಬೇರೆ. ‘ಲಗತ್ತಿಸು’ ಎಂಬುದನ್ನು ಅರ್ಜಿಗಳಿಗೇ ಬಿಡೋಣ.

ಇನ್ನು ‘ಸ್ಟಡ್’. ‘ತಿರುಪುಮೊಳೆ’ ಎನ್ನೋಣವೆಂದರೆ, ಐಎಸ್‌ಒ 13918 ಎಂಬ, ವೆಲ್ಡಿಂಗ್ ಸ್ಟಡ್ಡುಗಳ ಅಂತರರಾಷ್ಟ್ರೀಯ ಮಾನದಂಡದಲ್ಲಿ ತಿರುಪಿಲ್ಲದ ನುಣುಪು ಸ್ಟಡ್ಡುಗಳೂ ಒಳಗಡೆ ತಿರುಪಿರುವ ಸ್ಟಡ್ಡುಗಳೂ ಸೇರಿವೆ. ಅಲ್ಲದೆ ಮೊಳೆಯೆಂದರೆ ಒಳಹೊಕ್ಕು ನಿಲ್ಲುವಂಥದು, ಇದು ಮೇಲೆಯೇ ನಿಲ್ಲುವಂಥದು. ‘ಗೂಟ’ ರೂಪಕ್ಕೆ ಹೊಂದುತ್ತದೆ, ಆದರೆ 4 ಮಿಲಿಮೀಟರ್ ದಪ್ಪದ ವಸ್ತುವಿಗೆ ಎತ್ತು ಕಟ್ಟುವ ಗೂಟದ ಹೆಸರು ತುಸು ಭಾರವೆನಿಸುತ್ತದೆ. ಹಾಗಾಗಿ ‘ಸ್ಟಡ್’ ಎಂದೇ ಉಳಿಸಿಕೊಳ್ಳುವುದು ಮೇಲೆಂದು ನನಗೆ ತೋರುತ್ತದೆ. ‘ಮೌಂಟ್’ಗೆ ‘ಆಧಾರ’ ಎಂದು ಬರೆದು ನೋಡಿದೆ. ಈಗ ಆ ಪದ ಕಂಡರೆ ಎಲ್ಲರಿಗೂ ಮೊದಲು ಕಾರ್ಡೇ ನೆನಪಾಗುತ್ತದೆ. ‘ಹಿಡಿಕೆ’ ಎಂದರೆ ಬಾಗಿಲ ಹಿಡಿಕೆಯೆಂದು ತಿಳಿಯುವ ಅಪಾಯವಿದೆ.

ನನ್ನನ್ನು ನಿಜವಾಗಿ ಕಾಡುತ್ತಿರುವುದು ‘ಬೆಸುಗೆ’. ಅಕ್ಕಸಾಲಿಗರು ಒಡವೆಯ ತುಂಡುಗಳನ್ನು ಕೂಡಿಸುವುದೂ, ರೇಡಿಯೋ ರಿಪೇರಿಯವರು ತಂತಿಗೆ ಸೀಸ ಹಾಕುವುದೂ ಬೆಸುಗೆಯೇ. ಆ ಎರಡರಲ್ಲಿ ನಡುವೆ ಹಾಕಿದ ಲೋಹವಷ್ಟೇ ಕರಗುತ್ತದೆ, ಕೂಡಬೇಕಾದ ಭಾಗಗಳು ಕರಗುವುದಿಲ್ಲ. ಸ್ಟಡ್ ವೆಲ್ಡಿಂಗಿನಲ್ಲಿ ಕೂಡಬೇಕಾದ ಎರಡೂ ಕರಗುತ್ತವೆ. ಈ ಭೇದವನ್ನು ಕೆಲಸಗಾರನಿಗೆ ತಿಳಿಸಲೇಬೇಕಾದ ಕಡೆ ‘ಕರಗುಬೆಸುಗೆ’ ಎಂಬ ಪದವನ್ನು ಟಂಕಿಸಿದರೆ ಒಪ್ಪಿಗೆಯಾದೀತೇ, ಅಥವಾ ‘ವೆಲ್ಡಿಂಗ್’ ಎಂದೇ ಬಿಡುವುದು ಲೇಸೇ?

ಇನ್ನೊಂದು ಪ್ರಶ್ನೆಯೂ ಇದೆ. ಆ ವೆಲ್ಡರ್ ಬೆಸೆಯುವುದಕ್ಕೆ ‘ಸ್ಟಡ್ ಹೊಡೆಯುವುದು’ ಎನ್ನುತ್ತಾರೆ. ಗನ್ನಿನ ಸದ್ದಿಗೂ ಆ ಕ್ಷಣದ ವೇಗಕ್ಕೂ ಇದಕ್ಕಿಂತ ಸರಿಯಾದ ಕ್ರಿಯಾಪದ ನನಗೆ ಸಿಕ್ಕಿಲ್ಲ; ಆದರೆ ಓದುವ ಹೊಸಬ ಸುತ್ತಿಗೆ ಕೈಗೆತ್ತಿಕೊಳ್ಳದ ಹಾಗೆ ಅದನ್ನು ಕೈಪಿಡಿಯಲ್ಲಿ ಬಳಸುವುದು ಹೇಗೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.