ಕಲಬುರಗಿಯಲ್ಲಿ ಕೌದಿ ಹೊಲಿಯುವ ಬಳಗ ಇದೆಯಾ? ಮುಂದಿನ ಕಾರ್ಯಕ್ರಮ ಯಾವಾಗ?

ಜೇವರ್ಗಿ ರೋಡ್ ಸೊಸೆ:

ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಹಾಸನದ ಕಡೆಯಿಂದ ಕಲಬುರಗಿಗೆ ಬಂದಿದ್ದೇನೆ. ಇಲ್ಲಿ ಅತ್ತೆಯ ಮನೆಯಲ್ಲಿ ಒಂದು ಟ್ರಂಕ್ ತುಂಬ ಹಳೆ ಸೀರೆಗಳಿವೆ, ಎಲ್ಲ ಅಜ್ಜಿ ಉಟ್ಟಿದ್ದು. ಜಾಸ್ತಿ ಇಳಕಲ್ ಸೀರೆ, ಕೆಲವು ಬರೀ ಕಾಟನ್, ಅಜ್ಜನ ಧೋತ್ರಗಳೂ ಇವೆ. ಹೋದ ವಾರ ಬಾಗಿಲಿಗೆ ಸ್ಟೀಲ್ ಪಾತ್ರೆಯವಳು ಬಂದಾಗ ಎಲ್ಲ ಹಾಕಿ ಒಂದು ಬುಟ್ಟಿ ತೆಗೆದುಕೊಳ್ಳೋಣ ಅಂತ ಮನೆಯಲ್ಲಿ ಮಾತು ಬಂತು. ನನಗೆ ಮನಸ್ಸು ಬರಲಿಲ್ಲ. ಇವುಗಳನ್ನು ಪದರ ಪದರವಾಗಿ ಸೇರಿಸಿ ಕೌದಿ, ಅಂದರೆ ಹೊದಿಕೆ ಹೊಲಿದರೆ ಅಜ್ಜಿಯ ಸೀರೆ ಮನೆಯಲ್ಲೇ ಉಳಿಯುತ್ತದೆ ಅಲ್ವಾ?

ಅತ್ತೆಗೆ ಗೊತ್ತಿದೆ, ಆದರೆ ಈಗ ಕೈ ನಡುಗುತ್ತದೆ, ಸೂಜಿ ಹಿಡಿಯಲು ಆಗುವುದಿಲ್ಲ. ಊರಲ್ಲಿ ಹೆಂಗಸರು ಸೇರಿ ಕೌದಿ ಹೊಲಿಯುವ ಬಳಗ ಒಂದು ಇದೆ ಅಂತ ಪಕ್ಕದ ಮನೆಯವರು ಹೇಳಿದರು. ಎಲ್ಲಿ ಸೇರುತ್ತಾರೆ, ಏನೇನು ಮಾಡುತ್ತಾರೆ, ಹೊಸಬರನ್ನು ಸೇರಿಸಿಕೊಳ್ಳುತ್ತಾರಾ, ಮುಂದೆ ಏನು ಕಾರ್ಯಕ್ರಮ ಇದೆ? ನನಗೆ ಮೆಷಿನ್ ಬರುತ್ತದೆ, ಕೈಹೊಲಿಗೆ ಅಂದರೆ ಗುಂಡಿ ಹಚ್ಚುವುದು, ಅಂಚು ಮಡಚುವುದು ಅಷ್ಟೇ. ಇನ್ನೊಂದು ವಿಷಯ. ನಾದಿನಿಗೆ ಮಾಘ ಮಾಸದಲ್ಲಿ ಹೆರಿಗೆ. ಅಷ್ಟರೊಳಗೆ ತೊಟ್ಟಿಲಿಗೆ ಒಂದು ಕೌದಿ ಆಗಬೇಕು ಅಂತ ಆಸೆ.

ಶಹಾಬಜಾರ್ ಅಕ್ಕ:

ಇದ್ದೇವೆ ರೀ, ಬನ್ನಿ. ಆ ಸೀರೆ ಮಾತ್ರ ಯಾರಿಗೂ ಕೊಡಬೇಡಿ. ಅಷ್ಟು ಮೆತ್ತಗಾದ ಕಾಟನ್ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ನಮ್ಮದು ನೋಂದಣಿ, ಬೋರ್ಡು, ಅಧ್ಯಕ್ಷರು ಏನೂ ಇಲ್ಲದ ಬಳಗ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿಕೊಂಡು ಯಾರಾದರೊಬ್ಬರ ಮನೆಯ ಪಡಸಾಲೆಯಲ್ಲಿ ಕೂಡುತ್ತೇವೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಬೆಳಿಗ್ಗೆ 7ಕ್ಕೇ ಶುರು ಮಾಡಿ 10ಕ್ಕೆ ಎದ್ದುಬಿಡುತ್ತೇವೆ. ಶುಲ್ಕ ಇಲ್ಲ. ಚಹಾ ಮನೆಯವರದು, ಚೂಡಾ, ಶೇಂಗಾ ಯಾರಾದರೂ ತರುತ್ತಾರೆ.

ಬಂದ ಮೇಲೆ ಮೊದಲು ಅವರವರು ಮನೆಯಲ್ಲಿ ಹೊಲಿದಿದ್ದನ್ನು ಹಾಸಿ ತೋರಿಸುತ್ತಾರೆ. ಆಮೇಲೆ ಬಳಗದ ಕೌದಿ ಹಾಸುತ್ತೇವೆ. ಅದು ಎಲ್ಲರೂ ಸೇರಿ ಹೊಲಿಯುವುದು, ಮುಗಿದ ಮೇಲೆ ಬಾಣಂತಿಯೊಬ್ಬಳಿಗೋ ವಯಸ್ಸಾದವರಿಗೋ ಕೊಡುತ್ತೇವೆ. ನಾಲ್ಕೂ ಬದಿಗೆ ಕೂತು ಅವರವರ ಅಂಚಿನಿಂದ ಒಳಗೆ ಹೊಲಿಯುತ್ತ ಬರುವುದು. ಹೊಸಬರನ್ನು ಯಾವಾಗಲೂ ಇಬ್ಬರು ಬಲ್ಲವರ ನಡುವೆ ಕೂರಿಸುತ್ತೇವೆ. ನೀವು ಕೈ ನೋಡಿಯೇ ಕಲಿಯಬೇಕು. ಬ್ರಹ್ಮಪುರದಿಂದ ಬರುವ ಅಜ್ಜಿಯೊಬ್ಬರು ಸೂಜಿಯನ್ನು ಎತ್ತುವುದೇ ಇಲ್ಲ. ಬಲಗೈಯಲ್ಲಿ ಸೂಜಿ ಹಾಗೇ ನಿಂತಿರುತ್ತದೆ, ಎಡಗೈಯಿಂದ ಬಟ್ಟೆಯನ್ನು ಅದರ ಮೇಲೆ ಏರಿಸುತ್ತ ಇಳಿಸುತ್ತ ಹೋಗುತ್ತಾರೆ, ಸೂಜಿಯಲ್ಲಿ ಐದಾರು ಟಾಕಿ (ಹೊಲಿಗೆ) ತುಂಬಿದ ಮೇಲೆ ಒಮ್ಮೆಲೇ ನೂಲು ಎಳೆಯುತ್ತಾರೆ, ಎಳೆದ ಕೂಡಲೇ ಹೆಬ್ಬೆರಳ ಉಗುರಿನಿಂದ ಆ ಸಾಲನ್ನು ಒಂದು ಸಲ ತೀಡುತ್ತಾರೆ. ನೆರಿಗೆ ಹೋಗಿ ಸಾಲು ನೆಟ್ಟಗೆ ನಿಲ್ಲುತ್ತದೆ. ಇದನ್ನು ಎಷ್ಟು ವಿಡಿಯೋ ನೋಡಿದರೂ ಬರುವುದಿಲ್ಲ.

ಈಗ ಮುಂದಿನದು. ನಮ್ಮ ಕಡೆ ಮಹಾನವಮಿಗೆ ಘಟ ಕೂರಿಸುವ ಮುಂಚೆ ಮನೆಯ ಹಾಸಿಗೆ ಹೊದಿಕೆ ಎಲ್ಲ ತೊಳೆದು ಹಾಕುತ್ತಾರೆ, ನಿಮ್ಮ ಅತ್ತೆಗೆ ಗೊತ್ತಿರುತ್ತದೆ. ತೊಳೆದಾಗಲೇ ಎಲ್ಲಿ ಹರಿದಿದೆ ಅಂತ ಕಾಣುವುದು. ಆದ್ದರಿಂದ ಆ ವಾರದ ಭಾನುವಾರ ಹೊಸ ಕೌದಿ ಮುಟ್ಟುವುದಿಲ್ಲ, ಹಳೆಯದಕ್ಕೆ ತೇಪೆ ಹಾಕುವುದಷ್ಟೇ. ಯಾರು ಬೇಕಾದರೂ ಹರಿದ ಕೌದಿ ತರಬಹುದು. ದೀಪಾವಳಿ ಆದ ಮೇಲೆ ಎರಡು ಭಾನುವಾರ ಹೊಸಬರಿಗೇ ಮೀಸಲು, ನೀವು ಅದಕ್ಕೆ ತಪ್ಪದೇ ಬನ್ನಿ. ಅದಾದ ಮೇಲೆ ತೊಗರಿ ರಾಶಿ ಶುರುವಾಗುತ್ತದೆ. ಹಳ್ಳಿಯಿಂದ ಬರುವ ನಮ್ಮ ಒಳ್ಳೆಯ ಕೈಗಳೆಲ್ಲ ಹೊಲದಲ್ಲಿರುತ್ತವೆ, ಹಾಗಾಗಿ ಡಿಸೆಂಬರ್, ಜನವರಿಯಲ್ಲಿ ಕೂಡುವುದು ಕಮ್ಮಿ.

ಆದರೆ ಎಳ್ಳಮಾವಾಸ್ಯೆ ಬಿಡುವುದಿಲ್ಲ. ಅವತ್ತು ಬಳಗದ ಒಬ್ಬರ ಹೊಲಕ್ಕೆ ಎಲ್ಲರೂ ಹೋಗುತ್ತೇವೆ. ಚರಗ ಚೆಲ್ಲಿದ ಮೇಲೆ, ಅಂದರೆ ಭೂಮಿತಾಯಿಗೆ ಅಂತ ಹೊಲದ ತುಂಬ ಅಡುಗೆ ಚೆಲ್ಲಿ ಬಂದ ಮೇಲೆ, ಊಟಕ್ಕೆ ಕೂರಲು ಅವರವರ ಮನೆಯ ಕೌದಿ ಹಾಸಬೇಕು, ಅದೊಂದೇ ನಿಯಮ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಒಂದು ಕಡೆ, ಬನ್ನಿ ಗಿಡದ ಕೆಳಗೆ ಸಾಲಾಗಿ ಹಾಸಿದ ಕೌದಿಗಳು ಒಂದು ಕಡೆ. ಹಾಲ್ ಬಾಡಿಗೆಗೆ ಹಿಡಿದು ಮಾಡುವ ಪ್ರದರ್ಶನಕ್ಕಿಂತ ನನಗೆ ಇದೇ ದೊಡ್ಡದು. ಯಾಕೆಂದರೆ ಅಲ್ಲಿ ಕೌದಿ ಬಳಕೆಯಲ್ಲೇ ಇರುತ್ತದೆ, ಅದರ ಮೇಲೆ ಮಕ್ಕಳು ಮಲಗಿರುತ್ತಾರೆ.

ಆಮೇಲೆ ಶರಣಬಸವೇಶ್ವರ ಜಾತ್ರೆ, ಹೋಳಿ ಹುಣ್ಣಿಮೆಯಾದ ಐದನೇ ದಿನ ತೇರು. ಆ ಜಾತ್ರೆಯಲ್ಲಿ ಒಂದು ಸಣ್ಣ ಅಂಗಡಿ ಹಾಕುವ ಮಾತು ನಡೆದಿದೆ. ಇನ್ನೂ ಪಕ್ಕಾ ಆಗಿಲ್ಲ.

ಬೀದರ್ ಚೌಬಾರಾ:

ಸೀರೆ ಕತ್ತರಿಸುವ ಮುಂಚೆ ಇದನ್ನು ಓದಿ. ಇಳಕಲ್ ಸೀರೆಯ ಮೈ ಕಾಟನ್ ಆದರೂ ಸೆರಗು ಸಾಮಾನ್ಯವಾಗಿ ರೇಷ್ಮೆ ಅಥವಾ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ). ಎರಡನ್ನೂ ಕೊಂಡಿ ಹಾಕಿ ನೇಯ್ದಿರುತ್ತಾರೆ, ಸೆರಗು ಶುರುವಾಗುವ ಜಾಗದಲ್ಲಿ ಬೆರಳಾಡಿಸಿದರೆ ಗೊತ್ತಾಗುತ್ತದೆ. ಅಲ್ಲಿಗೇ ಬೇರೆ ಮಾಡಿ. ಕಾಟನ್, ರೇಷ್ಮೆ ಒಂದೇ ಸಮ ಕುಗ್ಗುವುದಿಲ್ಲ, ಒಂದೆರಡು ಸಲ ತೊಳೆದ ಮೇಲೆ ಕೌದಿ ಅಲ್ಲಲ್ಲಿ ಉಬ್ಬುತ್ತದೆ. ಸೆರಗನ್ನು ದಿಂಬಿನ ಕವರ್‌ಗೆ ಇಟ್ಟುಕೊಳ್ಳಿ.

ಕೆಂಪು, ಕಡುನೀಲಿ ತುಂಡುಗಳನ್ನು ಒದ್ದೆ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಒರೆಸಿ ನೋಡಿ. ಬಣ್ಣ ಹತ್ತಿದರೆ ಅದನ್ನು ಪ್ರತ್ಯೇಕ ತೊಳೆಯುತ್ತಲೇ ಇರಬೇಕು, ಬಿಡುವುದು ನಿಲ್ಲುವವರೆಗೆ. ಧೋತ್ರಗಳು ಒಳಪದರಕ್ಕೆ ಚೊಕ್ಕ. ಪಾಲಿಯೆಸ್ಟರ್ ಸೀರೆ ಬೇಡವೇ ಬೇಡ, ನಮ್ಮ ಬಿಸಿಲಿಗೆ ಮೈಗೆ ಅಂಟುತ್ತದೆ, ಸೂಜಿಯೂ ಜಾರುತ್ತದೆ.

ಮೆಷಿನ್ ಬಗ್ಗೆ ನನ್ನ ಅಭಿಪ್ರಾಯ ಬೇರೆ ಇದೆ, ಇಲ್ಲಿ ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಮೇಲಿನ ತುಂಡುಗಳನ್ನು ಒಂದಕ್ಕೊಂದು ಜೋಡಿಸಲು ಮೆಷಿನ್ ಬಳಸಿ, ಅದರಲ್ಲಿ ಏನೂ ತಪ್ಪಿಲ್ಲ, ತಿಂಗಳ ಕೆಲಸ ವಾರದಲ್ಲಿ ಆಗುತ್ತದೆ. ಪದರಗಳನ್ನು ಹಿಡಿಯುವ ಹೊಲಿಗೆ ಮಾತ್ರ ಕೈಯಲ್ಲೇ ಆಗಲಿ. ಮೆಷಿನ್ ಹೊಲಿಗೆ ಬಿಗಿ, ಕೌದಿ ತಟ್ಟಿನಂತೆ ಬಿರುಸಾಗುತ್ತದೆ. ಕೈಹೊಲಿಗೆಯಲ್ಲಿ ನೂಲಿಗೆ ಸ್ವಲ್ಪ ಸಡಿಲ ಇರುತ್ತದೆ, ತೊಳೆದಷ್ಟೂ ಮೆತ್ತಗಾಗುತ್ತದೆ.

ಅಕ್ಕಾ, ನಮ್ಮ ಬೀದರ್‌ನಲ್ಲಿ ಚಳಿ ನಿಮಗಿಂತ ಜಾಸ್ತಿ, ಕೌದಿ ಬಿಟ್ಟು ನಮಗೆ ಗತಿ ಇಲ್ಲ. ಒಂದು ಸಲ ಬಳಗವನ್ನು ಇತ್ತ ಕರೆತನ್ನಿ. ಈಗ ರೈಲಿದೆ. ಜಾಗ, ಊಟ ನಮ್ಮ ಜವಾಬ್ದಾರಿ.

ತಾಂಡಾದ ಮಗಳು, ಯಾದಗಿರಿ:

ಎಲ್ಲ ಓದಿ ಖುಷಿಯಾಯಿತು. ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮವ್ವ ಕೌದಿಯನ್ನೂ ಹೊಲಿಯುತ್ತಾಳೆ, ಕನ್ನಡಿ ಹಚ್ಚಿ ಲಂಬಾಣಿ ಕಸೂತಿಯನ್ನೂ ಹಾಕುತ್ತಾಳೆ. ಹಿಂದೆ ದೊಡ್ಡ ಊರಿನ ಅಂಗಡಿಯವರೊಬ್ಬರು ಬಂದು ಆರ್ಡರ್ ಕೊಟ್ಟರು. ಬಟ್ಟೆ ಅವರದು, ಕೈ ಅವ್ವನದು. ಎರಡು ತಿಂಗಳು ಕೂತು ಹೊಲಿದಳು. ಅವರು ಕೊಟ್ಟಿದ್ದನ್ನು ದಿನಕ್ಕೆ ಭಾಗಿಸಿದರೆ ಹತ್ತಿ ಬಿಡಿಸುವ ಕೂಲಿಯ ಅರ್ಧವೂ ಬೀಳಲಿಲ್ಲ. ಆಮೇಲೆ ಅದೇ ಕೌದಿಯ ಫೋಟೋ ನನ್ನ ಫೋನಿನಲ್ಲೇ ಕಂಡಿತು, ಬೆಲೆ ನೋಡಿ ಅವ್ವ ಮಾತಾಡಲಿಲ್ಲ. ಅವಳ ಹೆಸರು ಎಲ್ಲೂ ಇರಲಿಲ್ಲ.

ಆದ್ದರಿಂದ ನೀವು ಹಳ್ಳಿಯಿಂದ, ತಾಂಡಾದಿಂದ ಹೆಂಗಸರನ್ನು ಕಲಿಸಲು ಕರೆದರೆ ಬಸ್ ಖರ್ಚಿನ ಜೊತೆ ಅವತ್ತಿನ ಪೂರ್ತಿ ಕೂಲಿ ಕೊಡಿ. ಪ್ರೀತಿಯಿಂದ ಚಹಾ ಕೊಡುತ್ತೀರಿ, ಸೀರೆ ಉಡಿಸುತ್ತೀರಿ, ಅದು ಬೇರೆ. ಒಂದು ದಿನ ಅವಳು ಹೊಲ ಬಿಟ್ಟು ಬಂದರೆ ಮನೆಯಲ್ಲಿ ಅಷ್ಟು ಕಮ್ಮಿಯಾಗುತ್ತದೆ. ಜಾತ್ರೆಯಲ್ಲಿ ಅಂಗಡಿ ಹಾಕಿದರೂ ಇದೇ ಲೆಕ್ಕ ಇಡಿ, ಮೊದಲು ಕೂಲಿ, ಆಮೇಲೆ ಲಾಭ. ಶಹಾಪುರ, ಸುರಪುರ ಕಡೆ ಹತ್ತಿ ಬಿಡಿಸುವ ಕೆಲಸ ಮುಗಿದ ಮೇಲೆ ನಮ್ಮ ಕಡೆಯವರು ಬರಬಹುದು. ನಾನೇ ನಾಲ್ಕು ಜನರನ್ನು ಕರೆತರುತ್ತೇನೆ.

ಶಹಾಬಜಾರ್ ಅಕ್ಕ:

ತಂಗಿ, ನೀನು ಹೇಳಿದ್ದು ನೂರಕ್ಕೆ ನೂರು ಸರಿ. ಈಗ ನಾವು ಕಲಿಸುವವರಿಗೆ ಕೂಲಿ ಕೊಡುತ್ತೇವೆ, ಎಲ್ಲರೂ ಸೇರಿ ಹಣ ಹಾಕುತ್ತೇವೆ. ಅಂಗಡಿಯ ಲೆಕ್ಕ ಮಾತ್ರ ಇನ್ನೂ ಕೂತು ಮಾತಾಡಿಲ್ಲ. ನೀನು, ಅವ್ವ ಇಬ್ಬರೂ ಬಂದಾಗಲೇ ಅದನ್ನು ತೀರ್ಮಾನ ಮಾಡೋಣ. ನೀವು ಒಪ್ಪದೆ ಬೆಲೆ ಬರೆಯುವುದು ಬೇಡ.

ಬೀದರ್‌ನವರೇ, ನಾವು ನಿಮ್ಮಲ್ಲಿಗೆ ಬರಲು ಸಂಕ್ರಾಂತಿ ಆದ ಮೇಲಿನ ಭಾನುವಾರ ಆಗುತ್ತದಾ ನೋಡಿ.

ಸೇಡಂ ಟು ಡಲ್ಲಾಸ್:

ನಾನು ಸೇಡಂ ತಾಲ್ಲೂಕಿನವಳು, ಈಗ ಅಮೆರಿಕದಲ್ಲಿದ್ದೇನೆ. ಇಲ್ಲಿ ಕ್ವಿಲ್ಟಿಂಗ್ ಗಿಲ್ಡ್ ಅಂತ, ಅಂದರೆ ಹೊದಿಕೆ ಹೊಲಿಯುವವರ ಬಳಗಗಳು, ಊರೂರಿಗೂ ಇರುತ್ತವೆ, ನಾನೂ ಒಂದಕ್ಕೆ ಹೋಗುತ್ತೇನೆ. ಅಕ್ಕ ಹೇಳಿದ ಹಾಗೇ ತಿಂಗಳಿಗೊಮ್ಮೆ ಕೂಡುವುದು, ಮಾಡಿದ್ದನ್ನು ಎತ್ತಿ ತೋರಿಸುವುದು, ಆಸ್ಪತ್ರೆಯ ಮಕ್ಕಳಿಗೆ ಹೊಲಿದು ಕೊಡುವುದು. ಹೊಲಿಗೆ ಮಾತ್ರ ಬೇರೆ. ಇಲ್ಲಿಯವರದು ಮೂರು ಪದರ, ಮೇಲೆ ತುಂಡು ಜೋಡಿಸಿದ ಬಟ್ಟೆ, ನಡುವೆ ಅಂಗಡಿಯಲ್ಲಿ ಸಿಗುವ ಹತ್ತಿಯ ಹಾಸು, ಕೆಳಗೆ ಇನ್ನೊಂದು ಬಟ್ಟೆ. ನಮ್ಮ ಕೌದಿಯಲ್ಲಿ ನಡುವೆಯೂ ಸೀರೆಯೇ ಅಂತ ಹೇಳಿದಾಗ ಮುಟ್ಟಿ ಮುಟ್ಟಿ ನೋಡಿದರು.

ಯಾದಗಿರಿ ತಂಗಿಯ ಮಾತಿಗೆ ಒಂದು ಸೇರಿಸುತ್ತೇನೆ. ಇಲ್ಲಿ ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಅಂತ ಒಂದು ಊರಿದೆ. ಅಲ್ಲಿನ ಕಪ್ಪು ಹೆಂಗಸರು ಹೊಲದ ಕೆಲಸದ ಹರಿದ ಪ್ಯಾಂಟು, ಅಂಗಿಗಳಿಂದ ಮನೆಗೆ ಬೇಕು ಅಂತ ಹೊದಿಕೆ ಹೊಲಿಯುತ್ತಿದ್ದರು, ಥೇಟ್ ನಮ್ಮವರ ಹಾಗೆ. 2002ರಲ್ಲಿ ಅವು ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂನ ಗೋಡೆ ಮೇಲೆ ಬಂದವು, ಹೊಲಿದವಳ ಹೆಸರಿನ ಜೊತೆ. 2006ರಲ್ಲಿ ಅಂಚೆಚೀಟಿಯೂ ಬಂತು. ನಮ್ಮ ಗಿಲ್ಡ್‌ನಲ್ಲಿ ಪ್ರತಿ ಹೊದಿಕೆಯ ಹಿಂದೆ ಒಂದು ಮೂಲೆಯಲ್ಲಿ ಬಟ್ಟೆಯ ಚೀಟಿ ಹೊಲಿಯುತ್ತೇವೆ. ಯಾರು ಹೊಲಿದರು, ಯಾವ ಊರು, ಯಾವ ವರ್ಷ. ನೀವೂ ಇದನ್ನು ಮಾಡಿ, ದಯವಿಟ್ಟು. ನಮ್ಮಮ್ಮನ ಕೌದಿ ನನ್ನ ಹತ್ತಿರ ಇದೆ, ಅದರಲ್ಲಿರುವ ಎಷ್ಟೋ ಸಾಲು ಅಕ್ಕಪಕ್ಕದ ಮನೆಯವರು ಹೊಲಿದಿದ್ದು. ಯಾರು ಯಾರು ಅಂತ ಕೇಳಲು ಈಗ ಅಮ್ಮ ಇಲ್ಲ.

ಉತ್ತರ ಕನ್ನಡದ ಸಿದ್ದಿ ಸಮುದಾಯದವರ ಕೌದಿಯನ್ನೂ ಒಮ್ಮೆ ನೋಡಿ. ಹಳಿಯಾಳ, ಯಲ್ಲಾಪುರ ಕಡೆಯವರು ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೂ ತುಂಡು ಬಟ್ಟೆ ಮಡಚಿ ಹೂ ಇಡುತ್ತಾರೆ. ಅವರನ್ನೂ ಒಂದು ಸಲ ಕರೆಸಿ, ಖರ್ಚಿಗೆ ನನ್ನ ಪಾಲು ಕಳಿಸುತ್ತೇನೆ.

ಜೇವರ್ಗಿ ರೋಡ್ ಸೊಸೆ:

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬ ತುಂಬ ಥ್ಯಾಂಕ್ಸ್. ಅತ್ತೆಗೆ ಪೂರ್ತಿ ಓದಿ ಹೇಳಿದೆ. ಸೆರಗು ಬೇರೆ ಮಾಡುವ ವಿಷಯ ಅವರೂ ಹೌದು ಅಂದರು. ಟ್ರಂಕ್ ತೆಗೆದು ಎಲ್ಲ ಸೀರೆ ಬಿಸಿಲಿಗೆ ಹಾಕಿದ್ದೇವೆ. ತೇಪೆ ಹಾಕುವ ಭಾನುವಾರಕ್ಕೇ ಬರುತ್ತೇನೆ, ದೀಪಾವಳಿವರೆಗೆ ಕಾಯಲು ಆಗುವುದಿಲ್ಲ. ಅತ್ತೆಯನ್ನೂ ಕರೆತರಬಹುದಾ? ಮತ್ತೆ ತೊಟ್ಟಿಲ ಕೌದಿಗೆ ಏನೇನು ಬೇಕು, ಅದನ್ನೊಂದು ಹೇಳಿಬಿಡಿ.

ಶಹಾಬಜಾರ್ ಅಕ್ಕ:

ಅತ್ತೆಯನ್ನು ಕರೆತರದೆ ನೀವೊಬ್ಬರೇ ಬರಬೇಡಿ! ಕೈ ನಡುಗಿದರೆ ಏನಾಯಿತು, ಸಾಲು ಎಲ್ಲಿ ಸೊಟ್ಟಗಾಯಿತು ಅಂತ ಹೇಳುವ ಕಣ್ಣು ನಮಗೆ ಬೇಕು.

ತೊಟ್ಟಿಲ ಕೌದಿಗೆ ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಮೆತ್ತಗಿನ ಬಟ್ಟೆ ತೆಗೆಯಿರಿ. ಎರಡು ಕಡೆ ಅಜ್ಜಿಯ ಕಾಟನ್ ಸೀರೆ, ನಡುವೆ ಅಜ್ಜನ ಧೋತ್ರ, ಮೂರು ಪದರ ಸಾಕು. ದಪ್ಪ ಮಾಡಿದರೆ ಒಣಗುವುದಿಲ್ಲ. ಜರಿ, ಕನ್ನಡಿ, ಮಣಿ ಯಾವುದೂ ಬೇಡ. ನೂಲಿನ ಗಂಟು ಹೊರಗೆ ಬಿಡಬೇಡಿ, ಪದರದ ಒಳಗೆ ಎಳೆದುಬಿಡಿ, ಇಲ್ಲದಿದ್ದರೆ ಕೂಸಿನ ಮೈಗೆ ಚುಚ್ಚುತ್ತದೆ. ಒಂದೇ ಹೊಲಿದು ನಿಲ್ಲಿಸಬೇಡಿ, ಕೂಸು ಒದ್ದೆ ಮಾಡುತ್ತಲೇ ಇರುತ್ತದೆ, ಮೂರಾದರೂ ಬೇಕು. ಸಣ್ಣವಲ್ಲವೇ, ಮಾಘದೊಳಗೆ ಆರಾಮಾಗಿ ಮುಗಿಯುತ್ತವೆ.

ಬರುವಾಗ ಉದ್ದನೆಯ ಸೂಜಿ ಎರಡು, ಬಿಳಿ ಕಾಟನ್ ನೂಲು, ಕತ್ತರಿ ತನ್ನಿ. ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಅಂಗುಸ್ತಾನ ಇಲ್ಲದಿದ್ದರೆ ಕಪಡಾ ಬಜಾರ್ ಕಡೆ ಟೇಲರ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ನೂಲನ್ನು ಒಂದು ಕೈಯುದ್ದಕ್ಕಿಂತ ಜಾಸ್ತಿ ಕತ್ತರಿಸಬೇಡಿ, ಸಿಕ್ಕಾಗುತ್ತದೆ. ಯಾರ ಮನೆ ಅಂತ ಮೆಸೇಜ್ ಮಾಡುತ್ತೇನೆ. ಮಧ್ಯಾಹ್ನ 2ಕ್ಕೆ.