ಹೊಸ ತಂತಿ ಹಾಕಿದ ಮೇಲೆ ಎ ತಂತಿ ಜಿರ್ರ್ ಅನ್ನುತ್ತಿದೆ, ಶನಿವಾರ ಪ್ರೋಗ್ರಾಂ ಇದೆ!

ಮೈಸೂರು_ಮಂದ್ರ
ನಮಸ್ಕಾರ. ನಿನ್ನೆ ರಾತ್ರಿ ಬೇಸ್ ಗಿಟಾರಿಗೆ ಹೊಸ ತಂತಿ ಹಾಕಿದೆ. ಒಂದೂವರೆ ವರ್ಷದ ಹಳೇ ತಂತಿ ಬಿಚ್ಚಿ, ಫ್ರೆಟ್‌ಬೋರ್ಡ್ ಒರೆಸಿ, ಎರಡು ಗಂಟೆ ಕೂತು ಮಾಡಿದ ಕೆಲಸ. ಈಗ ಎ ತಂತಿ ಒಂದೇ ಸಮನೆ ಜಿರ್ರ್ ಅನ್ನುತ್ತಿದೆ, ತಂಬೂರಿಗೆ ಜೀವಾಳ ಇಟ್ಟ ಹಾಗೆ. ಉಳಿದ ಮೂರೂ ಚೆನ್ನಾಗಿವೆ. ಆಂಪ್ ಇಲ್ಲದೆ ನುಡಿಸಿದರೂ ಕೇಳುತ್ತೆ. ಶನಿವಾರ ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಇದೆ, ಅರ್ಧ ಹಾಡುಗಳಲ್ಲಿ ಆ ತಂತಿ ಬೇಕೇ ಬೇಕು. ತಂತಿಯೇ ಡಿಫೆಕ್ಟಾ? ದಯವಿಟ್ಟು ಯಾರಾದರೂ ಹೇಳಿ, ನಿದ್ದೆ ಬಂದಿಲ್ಲ.

ಹಳೇ_ಪ್ರಿಸಿಷನ್
ಟ್ರಸ್ ರಾಡ್, ಅಂದರೆ ನೆಕ್ (ಬೇಸಿನ ಕತ್ತು) ಒಳಗಿನ ಬಾಗು ಸರಿಮಾಡುವ ಸರಳು. ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಿದ್ದೀರಿ ಅಲ್ವಾ? ನೆಕ್ ಹಿಂದಕ್ಕೆ ಹೋಗಿದೆ. 1ನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಮತ್ತು ಕೊನೇ ಫ್ರೆಟ್ ಎರಡನ್ನೂ ಒತ್ತಿ ಹಿಡಿದು 7-8ನೇ ಫ್ರೆಟ್ ಹತ್ತಿರ ನೋಡಿ. ತಂತಿಗೂ ಫ್ರೆಟ್ಟಿಗೂ ನಡುವೆ ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಜಾಗ ಇರಬೇಕು, ಸುಮಾರು 0.3 ಮಿ.ಮೀ. ಇಲ್ಲದಿದ್ದರೆ ಅಲೆನ್ ಕೀ ಹಾಕಿ ಗಡಿಯಾರದ ಎದುರು ದಿಕ್ಕಿಗೆ ಕಾಲು ಸುತ್ತು ಸಡಿಲಿಸಿ. ಇಪ್ಪತ್ತು ವರ್ಷದಲ್ಲಿ ಹತ್ತಕ್ಕೆ ಎಂಟು ಸಲ ಇದೇ ಕಾಯಿಲೆ ನೋಡಿದ್ದೇನೆ.

ಕುಡ್ಲ_ಬೇಸ್
ಯಾವ ಬೇಸ್, ಯಾವ ಗೇಜ್ (ತಂತಿಯ ದಪ್ಪ), ಮೊದಲು ಅದನ್ನು ಹೇಳಿ ಮಾರಾಯ್ರೆ. ಏನೂ ಗೊತ್ತಿಲ್ಲದೆ ರಾಡ್ ತಿರುಗಿಸಿ ಅನ್ನೋದು ಸರಿಯಲ್ಲ.

ಮೈಸೂರು_ಮಂದ್ರ
ಸಾರಿ, ಬರೆದಿದ್ದೇನೆ ಅಂದುಕೊಂಡಿದ್ದೆ. ಪಿ ಬೇಸ್ (ಫೆಂಡರ್ ಪ್ರಿಸಿಷನ್) ಮಾದರಿ, ತಂತಿ ಅದುರುವ ಉದ್ದ 34 ಇಂಚು, ಮೇಪಲ್ ನೆಕ್. ಈಗ ಹಾಕಿದ್ದು 45-105 (ಇಂಚಿನ ಸಾವಿರದ ಲೆಕ್ಕದಲ್ಲಿ, ತೆಳು ತಂತಿಯಿಂದ ದಪ್ಪದವರೆಗೆ) ನಿಕಲ್ ರೌಂಡ್‌ವೂಂಡ್ (ದುಂಡು ಎಳೆ ಸುತ್ತಿದ ತಂತಿ), ಮೊದಲು ಇದ್ದದ್ದು 45-100. ಕಾರ್ಡ್ ಆರಾಮಾಗಿ ಹೋಗುತ್ತೆ. ಆದರೂ ಕಾಲು ಸುತ್ತು ಸಡಿಲಿಸಿ ನೋಡಿದೆ. ಆಕ್ಷನ್ (ಫ್ರೆಟ್ಟಿನಿಂದ ತಂತಿಯ ಎತ್ತರ) ಮೇಲೆ ಬಂತು, ಜಿರ್ರ್ ಹಾಗೇ ಇದೆ.

ಹಳೇ_ಪ್ರಿಸಿಷನ್
ಮರ ತಕ್ಷಣ ಮಾತು ಕೇಳಲ್ಲ. ಇನ್ನೊಂದು ಕಾಲು ಸುತ್ತು ಬಿಟ್ಟು ರಾತ್ರಿಯಿಡೀ ಇಡಿ.

ಕುಡ್ಲ_ಬೇಸ್
ಬೇಡ! ತಂತಿ ದಪ್ಪ ಆದರೆ ಎಳೆತ ಜಾಸ್ತಿ. ಎಳೆತ ಜಾಸ್ತಿ ಆದರೆ ನೆಕ್ ಮುಂದಕ್ಕೆ ಬಾಗುತ್ತೆ, ಫ್ರೆಟ್ಟಿಗೆ ತಾಗೋದು ಕಡಿಮೆ ಆಗಬೇಕು. ನಿಮ್ಮ ಲೆಕ್ಕ ಉಲ್ಟಾ ಇದೆ.

ಶಿವಮೊಗ್ಗ_ಫ್ಲಾಟ್‌ವೂಂಡ್
ಒಂದೂವರೆ ವರ್ಷಕ್ಕೆ ಯಾಕೆ ಬದಲಾಯಿಸಿದಿರಿ? ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್‌ಗೆ ಫ್ಲಾಟ್‌ವೂಂಡ್ (ಚಪ್ಪಟೆ ಎಳೆ ಸುತ್ತಿದ ನುಣುಪು ತಂತಿ) ಹಾಕಿ, ತುಂಡಾಗದ ಹೊರತು ತಂತಿ ಮುಟ್ಟುತ್ತಿರಲಿಲ್ಲ. ನನ್ನದಕ್ಕೆ ಆರು ವರ್ಷ ಆಯಿತು. ಬ್ರಿಡ್ಜ್ ಹತ್ತಿರ ತಂತಿ ಕೆಳಗೆ ಒಂದು ತುಂಡು ಫೋಮ್, ಮುಂದೆ 15 ಇಂಚಿನ ಸ್ಪೀಕರ್. ಆ ದುಂಡು ದನಿ ಹೊಸ ತಂತಿಯಲ್ಲಿ ಬರೋದೇ ಇಲ್ಲ.

ಕುಡ್ಲ_ಬೇಸ್
ಶಿವಮೊಗ್ಗದಲ್ಲಿ ಆಗಬಹುದು. ನಮ್ಮ ಮಂಗಳೂರಿನ ಸೆಕೆಗೆ ರೌಂಡ್‌ವೂಂಡ್ ನಾಲ್ಕು ತಿಂಗಳು ಬಂದರೆ ದೊಡ್ಡದು. ಬೆವರು ಆ ಸುತ್ತುಗಳ ಸಂದಿನಲ್ಲಿ ಕೂರುತ್ತೆ. ನುಡಿಸಿ ಮುಗಿದ ಕೂಡಲೇ ಹತ್ತಿ ಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಒರೆಸುತ್ತೇನೆ.

ಹಳೇ_ಪ್ರಿಸಿಷನ್
ಹತ್ತು ನಿಮಿಷ ನೀರಲ್ಲಿ ಕುದಿಸಿ, ಹೊಸದರ ಹಾಗೆ ಆಗುತ್ತೆ.

ಕುಡ್ಲ_ಬೇಸ್
ಒಂದು ವಾರ ಇರುತ್ತೆ ಅಷ್ಟೇ. ಒಳಗೆ ನೀರು ಉಳಿದು ಕೋರ್ (ತಂತಿಯ ನಡುವಿನ ಎಳೆ) ತುಕ್ಕು ಹಿಡಿಯುತ್ತೆ. ನಾನು ಮಾಡಿ ಎರಡು ಸೆಟ್ ಹಾಳುಮಾಡಿಕೊಂಡಿದ್ದೇನೆ.

ಹಳೇ_ಪ್ರಿಸಿಷನ್
ಸರಿಯಾಗಿ ಒಣಗಿಸಿಲ್ಲ ನೀವು.

ಧಾರವಾಡ_ರಿಪೇರಿ
ಕುದಿಸೋದು ಆಮೇಲೆ ನೋಡೋಣ. ಮಂದ್ರ ಸರ್, ಒಂದು ಪ್ರಶ್ನೆ. ತಂತಿ ಓಪನ್, ಅಂದರೆ ಎಲ್ಲೂ ಒತ್ತದೆ, ನುಡಿಸಿದಾಗ ಮಾತ್ರ ಜಿರ್ರ್ ಅನ್ನುತ್ತಾ, ಫ್ರೆಟ್ ಒತ್ತಿದಾಗಲೂ ಅನ್ನುತ್ತಾ?

ಮೈಸೂರು_ಮಂದ್ರ
ಓಪನ್ ಮಾತ್ರ. 1ನೇ ಫ್ರೆಟ್ ಒತ್ತಿದರೂ ಸಾಕು, ಪೂರ್ತಿ ಕ್ಲೀನ್. ಅದನ್ನು ಹೇಳಿರಲಿಲ್ಲವಾ?

ಧಾರವಾಡ_ರಿಪೇರಿ
ಇಲ್ಲ, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಕಾರ್ಡ್ ಆರಾಮಾಗಿ ಹೋಗುತ್ತೆ, ಫ್ರೆಟ್ ಒತ್ತಿದರೆ ಕ್ಲೀನ್ ಅಂದಮೇಲೆ ನೆಕ್ಕಿನ ತಪ್ಪಲ್ಲ, ನಟ್ (ನೆಕ್ ತುದಿಯಲ್ಲಿ ತಂತಿ ಕೂರುವ ಕಚ್ಚುಗಳ ಪಟ್ಟಿ) ಹತ್ತಿರದ್ದು. ನಿಮ್ಮ ಹೆಡ್‌ಸ್ಟಾಕ್ (ಪೆಗ್, ಅಂದರೆ ಬಿರಡೆ, ಇರುವ ತಲೆಭಾಗ) ಹಿಂದಕ್ಕೆ ಬಾಗಿಲ್ಲ, ಚಪ್ಪಟೆ. ಡಿ, ಜಿ ತಂತಿಗಳನ್ನು ಕೆಳಗೆ ಒತ್ತಿ ಹಿಡಿಯಲು ದುಂಡನೆಯ ಸ್ಟ್ರಿಂಗ್ ಟ್ರೀ ಇದೆ. ಇ ಪೆಗ್ ನಟ್‌ಗೆ ಹತ್ತಿರ. ನಡುವೆ ಸಿಕ್ಕಿಕೊಳ್ಳೋದು ಎ. ಪೆಗ್ ದೂರ, ಒತ್ತಿ ಹಿಡಿಯಲು ಏನೂ ಇಲ್ಲ. ಪೆಗ್ಗಿನ ಮೇಲ್ಭಾಗದಲ್ಲೇ ತಂತಿ ಸುತ್ತಿದ್ದರೆ ಅದು ನಟ್ ಮೇಲೆ ಬಹುತೇಕ ನೇರ ಹಾದುಹೋಗುತ್ತೆ, ಕಚ್ಚಿನೊಳಗೆ ಬಿಗಿಯಾಗಿ ಕೂರದೆ ಅಲ್ಲೇ ಅದುರುತ್ತೆ. ಈಗ ಹೀಗೆ ಮಾಡಿ. ನಟ್‌ಗೂ ಪೆಗ್ಗಿಗೂ ನಡುವೆ ಎ ತಂತಿಯನ್ನು ಬೆರಳಿನಿಂದ ಕೆಳಗೆ ಒತ್ತಿ, ಇನ್ನೊಂದು ಕೈಯಲ್ಲಿ ಓಪನ್ ನುಡಿಸಿ. ಪೆಗ್ಗಿಗೆ ಎಷ್ಟು ಸುತ್ತು ಇದೆ ಅಂತಲೂ ಎಣಿಸಿ.

ಮೈಸೂರು_ಮಂದ್ರ
ಒತ್ತಿದೆ. ಜಿರ್ರ್ ನಿಂತೇ ಹೋಯಿತು! ಬೆರಳು ತೆಗೆದರೆ ಮತ್ತೆ ಶುರು. ಸುತ್ತು ಒಂದೂಕಾಲು ಅಷ್ಟೇ, ಅದೂ ಪೆಗ್ಗಿನ ತುದಿಯಲ್ಲಿ. ನೋಡಲು ನೀಟಾಗಿರಲಿ ಅಂತ ಗಿಡ್ಡ ಕತ್ತರಿಸಿದ್ದೆ.

ಧಾರವಾಡ_ರಿಪೇರಿ
ಸಿಕ್ಕಿತು ನೋಡಿ. ಕತ್ತರಿಸಿದ್ದು ವಾಪಸ್ ಬರಲ್ಲ, ಆದರೆ ಇರೋದರಲ್ಲೇ ಸರಿಮಾಡಬಹುದು. ತಂತಿ ಸಡಿಲಿಸಿ, ತುದಿಯನ್ನು ಪೆಗ್ಗಿನ ನಡುವಿನ ತೂತಿಗೆ ತಳ ಮುಟ್ಟುವ ಹಾಗೆ ಇಳಿಸಿ. ಬಿಗಿ ಮಾಡುವಾಗ ಹೆಬ್ಬೆರಳಿನಿಂದ ಸುತ್ತನ್ನು ಕೆಳಕ್ಕೆ ತಳ್ಳುತ್ತಾ ಹೋಗಿ. ಮುಂದಿನ ಸಲ ಪೆಗ್ ದಾಟಿ ನಾಲ್ಕೈದು ಇಂಚು ಬಿಡಿ, ಎರಡು ಮೂರು ಸುತ್ತು ಮೇಲಿಂದ ಕೆಳಕ್ಕೆ ಇಳಿಯಬೇಕು. ಕತ್ತರಿಸುವ ಮೊದಲು ಆ ಜಾಗದಲ್ಲಿ ತಂತಿಯನ್ನು 90 ಡಿಗ್ರಿ ಬಗ್ಗಿಸಿ, ಬಾಗಿನ ಆಚೆ ಕಟಿಂಗ್ ಪ್ಲೇಯರ್ ಹಾಕಿ. ಬಗ್ಗಿಸದೆ ಕತ್ತರಿಸಿದರೆ ಕೆಲವು ತಂತಿಗಳಲ್ಲಿ ಮೇಲಿನ ಸುತ್ತು ಕೋರ್ ಮೇಲೆ ಸಡಿಲವಾಗಿ ದನಿ ಸತ್ತುಹೋಗುತ್ತೆ. ಟ್ರಸ್ ರಾಡ್ ಮೊದಲು ಇದ್ದಲ್ಲಿಗೇ ತನ್ನಿ. ಮತ್ತೆ ಆ ಮೇಪಲ್ ಬೋರ್ಡಿಗೆ ಎಣ್ಣೆ ಹಾಕಿಲ್ಲ ತಾನೇ? ಅದಕ್ಕೆ ಲ್ಯಾಕರ್ ಇರುತ್ತೆ, ಒದ್ದೆ ಬಟ್ಟೆ ಸಾಕು.

ಹಳೇ_ಪ್ರಿಸಿಷನ್
ಆದರೂ ಒಮ್ಮೆ ಹೊಸ ಗೇಜಿಗೆ ನೆಕ್ ನೋಡಲೇಬೇಕು. ಆ ಮಾತು ನಾನು ಬಿಡಲ್ಲ.

ಮೈಸೂರು_ಮಂದ್ರ
ಎಣ್ಣೆ ಹಾಕಿಲ್ಲ. ನೀವು ಹೇಳಿದ ಹಾಗೆ ಸುತ್ತು ಕೆಳಗಿಳಿಸಿದೆ. ಮೆತ್ತಗೆ ನುಡಿಸಿದರೆ ಒಂದಿಷ್ಟೂ ಇಲ್ಲ, ಜೋರಾಗಿ ಎಳೆದರೆ ಸ್ವಲ್ಪ ಬರುತ್ತೆ. ಹಳೇ ಎ ತಂತಿ ಕವರಿನಲ್ಲಿ ಇಟ್ಟಿದ್ದೆ, ಅದನ್ನೂ ಹಾಕಿ ನೋಡಿದೆ. ಮೂರು ಸುತ್ತು ಬಂತು, ಜಿರ್ರ್ ಪೂರ್ತಿ ಇಲ್ಲ. ಆದರೆ ಹೊಸ ಮೂರರ ಪಕ್ಕದಲ್ಲಿ ತೀರಾ ಮಂಕು. ಶನಿವಾರಕ್ಕೆ ಹೊಸದನ್ನೇ ಇಟ್ಟುಕೊಳ್ಳುತ್ತೇನೆ. ಬೆಂಗಳೂರಿಗೆ ಹೋಗುವ ಗೆಳೆಯನಿಗೆ 85 ಗೇಜಿನ ಎ ತಂತಿ ಒಂದೇ ಬಿಡಿಯಾಗಿ ಸಿಕ್ಕರೆ ತಾ ಅಂದಿದ್ದೇನೆ. ಧಾರವಾಡದ ಸರ್, ನಿಮಗೆ ತುಂಬಾ ಥ್ಯಾಂಕ್ಸ್, ಇವತ್ತು ನಿದ್ದೆ ಮಾಡುತ್ತೇನೆ.

ಶಿವಮೊಗ್ಗ_ಫ್ಲಾಟ್‌ವೂಂಡ್
ಆ ಮಂಕು ತಂತಿ ಬಿಸಾಡಬೇಡಿ, ನನಗೆ ಕೊರಿಯರ್ ಮಾಡಿ.

ಐದನೇ_ತಂತಿ
ಇದೇ ತರಹ ನನ್ನ ಐದು ತಂತಿ ಬೇಸಿನಲ್ಲಿ ಬಿ ತಂತಿ 12ನೇ ಫ್ರೆಟ್‌ನಲ್ಲಿ ಶ್ರುತಿ ಏರುತ್ತಿದೆ. ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಪೂರ್ತಿ ಹಿಂದಕ್ಕೆ ಎಳೆದಾಯಿತು, ಇನ್ನು ಸ್ಕ್ರೂ ಇಲ್ಲ. ಏನು ಮಾಡಲಿ?